ಕಾಯಿಯ ಹಿಂದೆ ಏನಿದೆ?



ಕೊಡಗಿನಲ್ಲಿ ನಾಟಿ ಕೆಲಸ ಮುಗಿಯುತ್ತಾ ಬಂದಿದೆ. ಕೆಸರಿನಿಂದ ಮೇಲೆ ಬಂದು ಕಾಲು ತೊಳೆದುಕೊಂಡವರ ಬಾಯಲ್ಲಿ ಈಗ ಕೈಲ್‌ಪೊಳ್ದ್ ಹಬ್ಬದ ಮಾತು. ಸೆಪ್ಟೆಂಬರ್ 3 ಹತ್ತಿರವಾಗುತ್ತಿದ್ದಂತೆ ಬೆಂಗಳೂರು, ಮೈಸೂರುಗಳಲ್ಲಿ ದುಡಿಯುವ ಮಕ್ಕಳು ರಜೆ ಹೊಂದಿಸಿಕೊಳ್ಳುತ್ತಾರೆ. ಊರಿನ ಯುವಕ ಸಂಘದವರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೊರಡುತ್ತಾರೆ. ಓಟ, ಹಗ್ಗಜಗ್ಗಾಟ ಎಲ್ಲ ಇದ್ದರೂ ಜನ ಕಿಕ್ಕಿರಿದು ಸೇರುವುದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ. ಹಬ್ಬದ ಹಿಂದೆ ಮುಂದೆ ಬರುವ ಶನಿವಾರ, ಭಾನುವಾರಗಳಲ್ಲಿ ಒಂದಲ್ಲ ಒಂದು ಊರಿನ ಮೈದಾನದಲ್ಲಿ ಕೋವಿಯ ಸದ್ದು ಕೇಳುತ್ತದೆ. ಅಂಥ ಒಂದು ವಾರಾಂತ್ಯವನ್ನು ಅಚ್ಚುಕಟ್ಟಾಗಿ, ಯಾರ ಕೂದಲೂ ಕೊಂಕದಂತೆ ನಡೆಸುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಕೊಡಗಿನ ಹೊರಗಿರುವ ಕೇಳುಗರಿಗಾಗಿ ಹಬ್ಬದ ಬಗ್ಗೆ ಒಂದೆರಡು ಮಾತು ಹೇಳಬೇಕು. ಬೇಸಾಯದ ಬಿರುಸಿನ ದಿನಗಳಲ್ಲಿ ಕೋವಿಯನ್ನು ಕುಟುಂಬದ ಮೂಲಮನೆಯಾದ ಐನ್‌ಮನೆಯ ದೇವರ ಕೋಣೆಯಲ್ಲಿ, ಅಂದರೆ ಕನ್ನಿಕೊಂಬರೆಯಲ್ಲಿ ಇಟ್ಟುಬಿಡುವುದು ಹಿಂದಿನಿಂದ ಬಂದ ರೂಢಿ. ನಾಟಿ ಮುಗಿದ ಮೇಲೆ ಕೈಲ್‌ಪೊಳ್ದಿನ ದಿನ ಕೋವಿ, ಪೀಚೆಕತ್ತಿ, ಒಡಿಕತ್ತಿಗಳನ್ನು ತೊಳೆದು ಒರೆಸಿ, ಗಂಧವಿಟ್ಟು, ತೋಕ್‌ಪೂ ಎಂಬ ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಕಡಂಬುಟ್ಟು, ಪಂದಿಕರಿಯ ಊಟವಾಗುತ್ತದೆ. ಹಿರಿಯರು ಕಿರಿಯರ ಕೈಗೆ ಕೋವಿ ಕೊಡುವಾಗ ಬುದ್ಧಿಮಾತು ಹೇಳಿ ಹರಸುತ್ತಾರೆ. ಆಮೇಲೆ ಊರಿನವರೆಲ್ಲ ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ ಸೇರಿ ಆಟ ಕಟ್ಟುತ್ತಾರೆ. ಮರಕ್ಕೆ ಕಟ್ಟಿದ ಕಾಯಿಗೆ ಗುರಿಯಿಡುತ್ತಾರೆ. ಕೋವಿ ನಮ್ಮಲ್ಲಿ ಹುಟ್ಟಿನಿಂದ ಸಾವಿನವರೆಗೆ ಜೊತೆಗಿರುವ ವಸ್ತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಪುತ್ತರಿ ಹಬ್ಬದಲ್ಲಿ ಹೊಸ ತೆನೆ ಕೊಯ್ಯುವಾಗ ಮತ್ತೊಂದು. ಈ ನಂಟು ಇರುವುದರಿಂದಲೇ ಕಾಯಿ ಹೊಡೆಯುವ ಆಟಕ್ಕೆ ಇಷ್ಟು ಗೌರವ.

ಗೌರವದ ಆಟವಾದ್ದರಿಂದ ಹೊಣೆಯೂ ದೊಡ್ಡದು. ಸಂಘಟಕರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಬಹುಮಾನ, ಶಾಮಿಯಾನ, ಮೈಕು, ಊಟ, ಅತಿಥಿಗಳ ಬಗ್ಗೆ. ಅವೆಲ್ಲ ಬೇಕು. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕಾಯಿಯ ಹಿಂದೆ ಏನಿದೆ? ಕಾಯಿಗೆ ತಾಗಿದ ಗುಂಡೂ ಬಹಳ ಸಲ ಅದನ್ನು ಸೀಳಿಕೊಂಡು ಮುಂದೆ ಹೋಗುತ್ತದೆ. ತಾಗದ ಗುಂಡಂತೂ ಹೋಗಿಯೇ ಹೋಗುತ್ತದೆ. ದಿನವಿಡೀ ನಡೆಯುವ ಸ್ಪರ್ಧೆಯಲ್ಲಿ ತಾಗುವ ಗುಂಡಿಗಿಂತ ತಪ್ಪುವ ಗುಂಡೇ ಹೆಚ್ಚು. ಅವೆಲ್ಲ ಎಲ್ಲಿಗೆ ಹೋಗಿ ಬೀಳುತ್ತವೆ ಎಂಬುದಕ್ಕೆ ಖಚಿತ ಉತ್ತರ ಸಿಕ್ಕ ಮೇಲೆಯೇ ಕರಪತ್ರ ಅಚ್ಚು ಹಾಕಿಸಬೇಕು.

ಲೆಕ್ಕ ನೋಡೋಣ. ಪಾಯಿಂಟ್ 22 ರೈಫಲ್‌ನ ಗುಂಡು ನೋಡಲು ಕಿರುಬೆರಳ ತುದಿಗಿಂತಲೂ ಚಿಕ್ಕದು. ಆದರೆ ಅದು ಒಂದೂವರೆ ಮೈಲಿಯವರೆಗೆ, ಅಂದರೆ ಸುಮಾರು 2.4 ಕಿಲೋಮೀಟರ್ ದೂರದವರೆಗೆ ಅಪಾಯ ಮಾಡಬಲ್ಲದು. 12 ಬೋರ್ ಕೋವಿಯಲ್ಲಿ 6ನೇ ನಂಬರಿನ ಸಣ್ಣ ಚರೆ 200 ಮೀಟರ್ ದಾಟಿ ಬೀಳುತ್ತದೆ. ಎಲ್‌ಜಿಯಂಥ ದಪ್ಪ ಚರೆ ಅರ್ಧ ಕಿಲೋಮೀಟರ್ ದಾಟುತ್ತದೆ. ಒಂಟಿ ಗುಂಡಿನ ತೋಟೆಯಾದರೆ ಒಂದು ಕಿಲೋಮೀಟರ್ ದೂರದಲ್ಲಿರುವವರೂ ಎಚ್ಚರವಾಗಿರಬೇಕು. ಗುಂಡು ಅತಿ ದೂರ ಹೋಗುವುದು ಕೋವಿಯ ಬಾಯಿ ನೆಲದಿಂದ ಸುಮಾರು 30 ಡಿಗ್ರಿ ಮೇಲಕ್ಕೆ ನೋಡುತ್ತಿರುವಾಗ. ಈಗ ನಮ್ಮ ಆಟವನ್ನು ನೆನಪಿಸಿಕೊಳ್ಳಿ. 20 ಮೀಟರ್ ಎತ್ತರದ ಕೊಂಬೆಗೆ ಕಾಯಿ ಕಟ್ಟಿ, 40 ಮೀಟರ್ ದೂರದಲ್ಲಿ ನಿಂತು ಗುರಿಯಿಟ್ಟರೆ ಕೋವಿ 25 ಡಿಗ್ರಿಗೂ ಸ್ವಲ್ಪ ಹೆಚ್ಚು ಮೇಲೆ ನೋಡುತ್ತಿರುತ್ತದೆ. ತಪ್ಪಿದ ಗುಂಡನ್ನು ಆದಷ್ಟು ದೂರ ಕಳಿಸಲು ಬೇಕಾದ ಕೋನ ಹೆಚ್ಚುಕಡಿಮೆ ಅದೇ.

ಹಿಂದಿನವರು ಹೀಗೆಯೇ ಹೊಡೆಯುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹೊಡೆಯುತ್ತಿದ್ದರು. ಅವರ ಕೈಯಲ್ಲಿದ್ದುದು ಹೆಚ್ಚಾಗಿ ಮದ್ದು ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ. ಮರದ ಆಚೆಗೆ ಇದ್ದುದು ಗದ್ದೆ, ಬಾಣೆ, ಕಾಡು. ಇವತ್ತು ಅದೇ ಮರದ ಆಚೆಗೆ ಹೋಂಸ್ಟೇ ಬಂದಿದೆ, ತೋಟದ ಕಾರ್ಮಿಕರ ಲೈನ್ ಮನೆಗಳಿವೆ, ಟಾರು ರಸ್ತೆಯಿದೆ, ಬೆಟ್ಟ ಹತ್ತಲು ಬಂದ ಪ್ರವಾಸಿಗಳಿದ್ದಾರೆ. ಕಾಫಿ ಗಿಡಗಳ ನಡುವೆ ಕಳೆ ತೆಗೆಯುತ್ತ ಬಗ್ಗಿರುವವರು ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ. ಕಾಯಿ ಅದೇ, ಮರ ಅದೇ. ಅದರ ಹಿಂದಿನ ಊರು ಬದಲಾಗಿದೆ. ಹಾಗಾಗಿ ನಾವೂ ಕಾಯಿ ಕಟ್ಟುವ ಜಾಗವನ್ನು ಬದಲಾಯಿಸಬೇಕು.

ಎಲ್ಲಿ ಕಟ್ಟಬೇಕು? ಕೊಡಗಿನ ನೆಲವೇ ಇದಕ್ಕೆ ಉತ್ತರ ಇಟ್ಟುಕೊಂಡಿದೆ. ನಮ್ಮಲ್ಲಿ ಬರೆಗಳಿಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಗಳಿಗೆ ಬರವಿಲ್ಲ. ಎತ್ತರದ ಮಣ್ಣಿನ ಬರೆಯೊಂದನ್ನು ಆರಿಸಿಕೊಂಡು, ಅದರ ಬುಡದಲ್ಲಿ ಎರಡು ಕಂಬ ನೆಟ್ಟು, ಅಡ್ಡ ಹಗ್ಗಕ್ಕೆ ಕಾಯಿ ಕಟ್ಟಿ. ಕಾಯಿಯಿಂದ ಮೇಲಕ್ಕೆ ಕನಿಷ್ಠ ಎರಡಾಳು ಎತ್ತರ ಬರಿಯ ಮಣ್ಣು ಇರಬೇಕು. ಎಡಬಲಕ್ಕೂ ಅಷ್ಟೇ ಧಾರಾಳವಾಗಿ ಮಣ್ಣು ಹರಡಿರಬೇಕು. ಹೊಡೆಯುವವರು ನಿಲ್ಲುವ ಜಾಗ ಕಾಯಿಗಿಂತ ತುಸು ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು. ಆಗ ಕೋವಿಯ ಬಾಯಿ ನೆಲದ ಕಡೆಗೇ ಇರುತ್ತದೆ. ಬರೆಯಲ್ಲಿ ಬಂಡೆ ಇಣುಕುತ್ತಿದ್ದರೆ ಆ ಜಾಗ ಬೇಡ. ಬಂಡೆಗೆ ತಾಗಿದ ಗುಂಡು ಎತ್ತ ಸಿಡಿಯುತ್ತದೆಂದು ಹೇಳಲಾಗದು. ಕೆರೆ, ಹೊಳೆಯ ನೀರಿನ ಮೇಲೂ ಅಷ್ಟೇ, ಓರೆಯಾಗಿ ಬಿದ್ದ ಗುಂಡು ಚಿಮ್ಮಿ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಮಳೆಗಾಲದ ಕೊನೆಯಲ್ಲಿ ಬರೆಗಳು ನೀರು ಕುಡಿದು ಸಡಿಲಾಗಿರುತ್ತವೆ. 2018ರ ಆಗಸ್ಟಿನ ಭೂಕುಸಿತಗಳನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಬಿರುಕು ಬಿಟ್ಟ, ಒರತೆ ಒಸರುವ ಬರೆಯ ಹತ್ತಿರ ಜನರನ್ನು ನಿಲ್ಲಿಸಬೇಡಿ. ಗುರಿಯ ಬರೆ ಒಂದು ಕಡೆ, ಪ್ರೇಕ್ಷಕರು ಅದರ ಎದುರು ಕಡೆ, ಹೊಡೆಯುವವರ ಬೆನ್ನ ಹಿಂದೆ. ಮಧ್ಯೆ ಹಗ್ಗ ಕಟ್ಟಿ. ಸ್ಪರ್ಧೆಗೆ ಒಂದು ವಾರ ಮೊದಲು ಇಬ್ಬರು ಮೂವರು ಹೋಗಿ ಬರೆಯ ಮೇಲಕ್ಕೂ ಹತ್ತಿ, ಅದರ ಆಚೆ ಬದಿಯಲ್ಲಿ ದಾರಿ ಇದೆಯೇ, ಮನೆ ಇದೆಯೇ, ದನ ಮೇಯಿಸುವ ಜಾಗವೇ ಎಂದು ಕಣ್ಣಾರೆ ನೋಡಿ ಬರಬೇಕು. ಮೊಬೈಲಿನ ನಕ್ಷೆ ನೋಡಿ ತೀರ್ಮಾನಿಸುವ ವಿಷಯ ಇದಲ್ಲ. ಅಕ್ಕಪಕ್ಕದ ತೋಟದವರಿಗೆ, ಲೈನ್ ಮನೆಯವರಿಗೆ, ಹೋಂಸ್ಟೇಯವರಿಗೆ ದಿನ ಮತ್ತು ಸಮಯವನ್ನು ಬಾಯಲ್ಲಿ ಹೇಳಿ ಬನ್ನಿ. ಆನೆ ಓಡಾಡುವ ಕಡೆಯಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ. ತೋಟದಲ್ಲಿ ಮಲಗಿರುವ ಆನೆ ಈಡಿನ ಸದ್ದಿಗೆ ಬೆದರಿ ಯಾರ ಅಂಗಳಕ್ಕೆ ಇಳಿಯುತ್ತದೆಂದು ಯಾರಿಗೂ ತಿಳಿಯದು.

ಜಾಗ ಸಿದ್ಧವಾಯಿತು. ಎರಡನೆಯ ಕೆಲಸ, ಗೆರೆಗೆ ಒಬ್ಬ ಯಜಮಾನರನ್ನು ನೇಮಿಸುವುದು. ಊರಿನ ಮುಖ್ಯಸ್ಥರಾದ ತಕ್ಕರಿರಲಿ, ಅಧ್ಯಕ್ಷರಿರಲಿ, ಮುಖ್ಯ ಅತಿಥಿಗಳಿರಲಿ, ಗುಂಡು ಹೊಡೆಯುವ ಗೆರೆಯ ಮೇಲೆ ನಡೆಯಬೇಕಾದದ್ದು ಒಬ್ಬರದೇ ಮಾತು. ನಮ್ಮ ಊರುಗಳಲ್ಲಿ ಸೈನ್ಯದಿಂದ ನಿವೃತ್ತರಾದವರು ಎಲ್ಲ ಕಡೆ ಇದ್ದಾರೆ. ಈ ಕೆಲಸಕ್ಕೆ ಅವರಿಗಿಂತ ತಕ್ಕವರು ಬೇರೆ ಸಿಗುವುದಿಲ್ಲ. ಅಂದು ಅವರು ಸ್ಪರ್ಧೆಯಲ್ಲಿ ಭಾಗವಹಿಸಬಾರದು. ಅವರು ಹೇಳಿದಾಗ ತೋಟೆ ತುಂಬಬೇಕು, ಹೇಳಿದಾಗ ಹೊಡೆಯಬೇಕು, ಹೇಳಿದಾಗ ನಿಲ್ಲಿಸಬೇಕು. "ನಿಲ್ಲಿಸಿ" ಎಂಬ ಒಂದು ಮಾತನ್ನು ಮಾತ್ರ ಯಾರು ಬೇಕಾದರೂ ಕೂಗಬಹುದು. ದನ ಅಡ್ಡ ಬಂದದ್ದು ಮೊದಲು ಒಂದು ಮಗುವಿನ ಕಣ್ಣಿಗೆ ಬಿದ್ದರೆ ಆ ಮಗು ಕೂಗಿದರೂ ಎಲ್ಲ ಕೋವಿಗಳೂ ನಿಲ್ಲಬೇಕು. ಗೆರೆಯ ಪಕ್ಕದಲ್ಲಿ ಒಂದು ಕೆಂಪು ಬಾವುಟ ಇರಲಿ. ಬಾವುಟ ಮೇಲಿದ್ದಾಗ ಯಾರೂ ಗುರಿಯ ಕಡೆಗೆ ಕಾಲಿಡಬಾರದು. ಅದು ಕೆಳಗಿಳಿದಾಗ ಯಾರೂ ಕೋವಿ ಮುಟ್ಟಬಾರದು. ಹೊಸ ಕಾಯಿ ಕಟ್ಟಲು ಹೋಗುವ ಹುಡುಗರ ಪ್ರಾಣ ಈ ಒಂದು ನಿಯಮದ ಮೇಲೆ ನಿಂತಿದೆ.

ಶನಿವಾರ ಮಧ್ಯಾಹ್ನವನ್ನು ಕೋವಿಗಳ ತಪಾಸಣೆಗೆಂದೇ ಮೀಸಲಿಡಿ. ಇದನ್ನು ಅವಸರದಲ್ಲಿ ಮಾಡಬಾರದು. ಮನೆಯ ಜಗಲಿಯಲ್ಲಿ ಬೆಳಕಿಗೆ ಎದುರಾಗಿ ಕೂತು ಒಂದೊಂದೇ ಕೋವಿಯನ್ನು ಕೈಗೆ ತೆಗೆದುಕೊಳ್ಳಿ. ಜೋಡಿ ನಳಿಕೆಯ 12 ಬೋರ್ ಕೋವಿಯಾದರೆ ಮೊದಲು ಅದನ್ನು ಮಡಚಿ ತೆರೆದು, ಒಳಗೆ ತೋಟೆ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ಆಮೇಲೆ ನಳಿಕೆಯನ್ನು ಬಿಳಿಯ ಆಕಾಶದ ಕಡೆಗೆ ಹಿಡಿದು ಹಿಂಬದಿಯಿಂದ ಇಣುಕಿ. ಒಳಗೆ ಕನ್ನಡಿಯಂಥ ಬೆಳಕಿನ ಬಳೆಗಳು ಒಂದರ ಹಿಂದೊಂದು ಕಾಣಬೇಕು. ಎಲ್ಲಾದರೂ ಕಪ್ಪು ಚುಕ್ಕೆ ಇದ್ದರೆ ಅದು ತುಕ್ಕು. ಬಳೆ ಒಂದು ಕಡೆ ಸೊಟ್ಟಗಾಗಿದ್ದರೆ ಅಲ್ಲಿ ನಳಿಕೆಗೆ ಪೆಟ್ಟು ಬಿದ್ದಿದೆ. ಬೆಳಕೇ ಕಾಣದಿದ್ದರೆ ಕಣಜ ಗೂಡು ಕಟ್ಟಿರಬಹುದು, ಹಳೆಯ ಎಣ್ಣೆಬಟ್ಟೆ ಸಿಕ್ಕಿಕೊಂಡಿರಬಹುದು. ನಾಟಿಯ ಕಾಲವೆಲ್ಲ ಮೂಲೆಯಲ್ಲಿದ್ದ ಕೋವಿಯಲ್ಲಿ ಇವೆಲ್ಲ ಆಗುವಂಥವೇ. ಅಡ್ಡಿಯಿರುವ ನಳಿಕೆಯಲ್ಲಿ ಈಡು ಹೊಡೆದರೆ ನಳಿಕೆ ಸಿಡಿಯುತ್ತದೆ. ಎಡಗೈ ಇರುವ ಜಾಗದಲ್ಲೇ ಸಿಡಿಯಬಹುದು. ಕೊನೆಗೆ ಕೋವಿ ಮುಚ್ಚಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಬಿಜಾಗರಿ ಗಡಗಡ ಎನ್ನುತ್ತಿದ್ದರೆ ಅದು ಪೂಜೆಗೆ ಇರಲಿ, ಸ್ಪರ್ಧೆಗೆ ಬೇಡ.

ಅಜ್ಜನ ಕಾಲದ ಕೋವಿಗಳ ಬಗ್ಗೆ ಇನ್ನೂ ಒಂದು ವಿಷಯ. ಹಳೆಯ 12 ಬೋರ್ ಕೋವಿಗಳಲ್ಲಿ ತೋಟೆ ಕೂರುವ ಜಾಗ ಅನೇಕ ಸಲ 65 ಮಿಲಿಮೀಟರ್ ಉದ್ದದ್ದು. ಈಗ ಸಿಗುವ ತೋಟೆಗಳಲ್ಲಿ 70 ಮಿಲಿಮೀಟರಿನವೂ ಇವೆ. ಉದ್ದದ ತೋಟೆ ಸುಮ್ಮನೆ ಒಳಗೆ ಹೋಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಮಾತ್ರ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒಳಗಿನ ಒತ್ತಡ ಮಿತಿಮೀರುತ್ತದೆ. ಕೋವಿಯ ಮೇಲಿನ ಗುರುತನ್ನೂ ತೋಟೆಯ ಪೆಟ್ಟಿಗೆಯ ಮೇಲಿನ ಅಳತೆಯನ್ನೂ ಹೋಲಿಸಿ ನೋಡಿ. ಗುರುತು ಅರ್ಥವಾಗದಿದ್ದರೆ ಬಲ್ಲ ಕೋವಿ ರಿಪೇರಿಯವರಿಗೆ ತೋರಿಸಿ. ಹಾಗೆಯೇ 20 ಬೋರ್ ತೋಟೆಯನ್ನೂ 12 ಬೋರ್ ತೋಟೆಯನ್ನೂ ಒಂದೇ ಚೀಲಕ್ಕೆ ಹಾಕಬೇಡಿ. 20 ಬೋರ್ ತೋಟೆ 12 ಬೋರ್ ನಳಿಕೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನಳಿಕೆ ಖಾಲಿ ಇದೆಯೆಂದು ತಿಳಿದು ಹಿಂದಿನಿಂದ ಇನ್ನೊಂದು ತೋಟೆ ತುಂಬಿ ಹೊಡೆದರೆ ಮುಂದಿನ ಮಾತು ಆಸ್ಪತ್ರೆಯಲ್ಲೇ.

ಶನಿವಾರ ಸಂಜೆ ಎಲ್ಲರೂ ಸೇರಿದಾಗ ಹೆಸರು ಬರೆದುಕೊಳ್ಳಿ, ಸರದಿ ಚೀಟಿ ಎತ್ತಿ, ನಿಯಮ ಓದಿ ಹೇಳಿ. ಹಿರಿಯರು ಕೋವಿ ಕೊಡುವಾಗ ಬುದ್ಧಿಮಾತು ಹೇಳುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದೇ ಪದ್ಧತಿಯ ಒಳಗೆ ಈ ನಾಲ್ಕು ಮಾತನ್ನೂ ಸೇರಿಸಿಕೊಳ್ಳೋಣ. ಖಾಲಿ ಎಂದು ಯಾರು ಹೇಳಿದರೂ ಕೋವಿಯಲ್ಲಿ ತೋಟೆ ಇದೆ ಎಂದೇ ತಿಳಿದು ಹಿಡಿಯಬೇಕು. ಕೋವಿಯ ಬಾಯಿ ಮನುಷ್ಯರ ಕಡೆಗೆ, ಪ್ರಾಣಿಗಳ ಕಡೆಗೆ ಒಂದು ಕ್ಷಣವೂ ತಿರುಗಬಾರದು. ಗುರಿ ಕಣ್ಣಿಗೆ ನಿಲ್ಲುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಕಾಯಿಯ ಹಿಂದೆ ಏನಿದೆ ಎಂದು ಗೊತ್ತಿಲ್ಲದಿದ್ದರೆ ಹೊಡೆಯಬಾರದು. ಹತ್ತು ವರ್ಷದ ಹುಡುಗಿಯಿಂದ ಹಿಡಿದು ಎಂಬತ್ತು ವರ್ಷದ ತಾತನವರೆಗೆ ಎಲ್ಲರೂ ಇದನ್ನು ಬಾಯಿಬಿಟ್ಟು ಹೇಳಲಿ.

ಇನ್ನು ಕಾನೂನು. ಕೊಡಗಿನ ಕೋವಿಗೆ ಒಂದು ಇತಿಹಾಸವಿದೆ. 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ, ಆಯುಧ ಕಸಿಯುವ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೊಡವ ಜನಾಂಗದವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು. ದೇಶದಲ್ಲಿ ಬೇರೆ ಯಾರಿಗೂ ಸುಲಭವಾಗಿ ಸಿಗದ ನಂಬಿಕೆ ಇದು. ವಿನಾಯಿತಿ ಇರುವುದು ಪರವಾನಗಿಯಿಂದ. ಜವಾಬ್ದಾರಿಯಿಂದ ಯಾರಿಗೂ ವಿನಾಯಿತಿ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆಂದು ಅಜಾಗರೂಕವಾಗಿ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು.

ಆದ್ದರಿಂದ ಸ್ಪರ್ಧೆಯ ದಿನ, ಜಾಗ, ಉಸ್ತುವಾರಿ ಯಾರದು ಎಂಬುದನ್ನು ಬರೆದು ಪೊಲೀಸ್ ಠಾಣೆಗೆ ಮುಂಚಿತವಾಗಿ ಕೊಟ್ಟು, ಬೇಕಾದ ಅನುಮತಿ ಪಡೆಯಿರಿ. ವಿನಾಯಿತಿ ಪತ್ರ ಅಥವಾ ಪರವಾನಗಿ ಪುಸ್ತಕ ಇಲ್ಲದೆ ಕೋವಿ ತಂದವರ ಹೆಸರನ್ನು ಬರೆದುಕೊಳ್ಳಬೇಡಿ. ಚುನಾವಣೆಯ ಸಮಯವಾಗಿದ್ದರೆ ಜಿಲ್ಲಾಡಳಿತದ ಆದೇಶ ಏನಿದೆಯೆಂದು ಮೊದಲೇ ತಿಳಿದುಕೊಳ್ಳಿ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳ ಅಂಚಿನ ಊರಿನವರು ಇನ್ನೂ ಹುಷಾರಾಗಿರಬೇಕು. ಲಿಖಿತ ಅನುಮತಿಯಿಲ್ಲದೆ ವನ್ಯಧಾಮದೊಳಗೆ ಆಯುಧ ಒಯ್ಯುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ನಮ್ಮ ಗುರಿಗಾರಿಕೆ ಉಳಿದಿರುವುದು ತೆಂಗಿನಕಾಯಿಯಲ್ಲಿ. ಅದನ್ನು ಅಷ್ಟೇ ಶುದ್ಧವಾಗಿ ಉಳಿಸಿಕೊಳ್ಳೋಣ.

ಈ ವಾರಾಂತ್ಯಗಳಿಗೆ ನಗರದ ಸ್ನೇಹಿತರೂ ಬರುತ್ತಾರೆ. ಸಂತೋಷ, ಬರಲಿ. ಆದರೆ ಪರವಾನಗಿ ಇಲ್ಲದ ಸ್ನೇಹಿತನ ಕೈಗೆ ಕೋವಿ ಕೊಟ್ಟು "ಒಂದು ಹೊಡೆದು ನೋಡು ಮಾರಾಯ" ಎನ್ನುವ ದಾಕ್ಷಿಣ್ಯ ಬೇಡ. ಅದು ಕಾನೂನಿಗೂ ಒಪ್ಪುವುದಿಲ್ಲ, ಅವನಿಗೂ ಒಳ್ಳೆಯದಲ್ಲ. ಅವರಿಗಾಗಿ, ಮಕ್ಕಳಿಗಾಗಿ ಏರ್‌ಗನ್ ವಿಭಾಗ ಇಡಿ. 4.5 ಮಿಲಿಮೀಟರ್ ಮೀರದ, 20 ಜೌಲ್ ಶಕ್ತಿಗಿಂತ ಕಡಿಮೆಯ ಏರ್‌ಗನ್ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ದೂರದಲ್ಲಿ ಕೋಳಿಮೊಟ್ಟೆ ಇಟ್ಟು ಹೊಡೆಯಲು ಬಿಡಿ. ತಾಗಿದ ಕ್ಷಣ ಮೊಟ್ಟೆ ಒಡೆದು ಹಳದಿ ಇಳಿಯುವುದು ಎಲ್ಲರಿಗೂ ಕಾಣುತ್ತದೆ, ಚಪ್ಪಾಳೆ ಬೀಳುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರ್ ದೂರದ ಏರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಈ ಮಾತನ್ನು ಮಕ್ಕಳಿಗೆ ಹೇಳಿ, ಮೊಟ್ಟೆ ಎಷ್ಟು ದೊಡ್ಡ ಗುರಿ ಎಂದು ಅವರಿಗೇ ಗೊತ್ತಾಗುತ್ತದೆ. ಏರ್‌ಗನ್ ಆಟಿಕೆಯಲ್ಲ ಎಂಬುದನ್ನೂ ಹೇಳಿ. ಅದರ ಗುಂಡು ಕಣ್ಣು ತೆಗೆಯಬಲ್ಲದು. ಪ್ರತಿ ಮಗುವಿನ ಪಕ್ಕದಲ್ಲೂ ಒಬ್ಬ ಹಿರಿಯರು ಇರಲೇಬೇಕು.

ಮಹಿಳೆಯರಿಗೆ ಪ್ರತ್ಯೇಕ ವಿಭಾಗ ಇಡುವ ಊರುಗಳು ಈಗ ಬಹಳ. ಇಷ್ಟಕ್ಕೇ ನಿಲ್ಲಬಾರದು. ಉಸ್ತುವಾರಿಯಲ್ಲೂ ಅವರಿಗೆ ಪಾಲು ಕೊಡಿ. ಅಡುಗೆಮನೆಯ ಹೊಣೆಯನ್ನು ಪೂರ್ತಿ ಅವರ ತಲೆಗೆ ಕಟ್ಟಿ, ಸರದಿ ಬಂದಾಗ ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಂಡು ಓಡಿಬರುವಂತೆ ಮಾಡುವುದು ನ್ಯಾಯವಲ್ಲ. ಅಡುಗೆಯವರನ್ನು ಗೊತ್ತುಮಾಡಿ, ಇಲ್ಲವೇ ಗಂಡಸರೂ ಈರುಳ್ಳಿ ಹೆಚ್ಚಲು ಕೂರಲಿ.

ಭಾನುವಾರ ಬೆಳಿಗ್ಗೆ ಅವಸರ ಬೇಡ. ಸೆಪ್ಟೆಂಬರಿನ ಮಂಜು ಕೆಲವು ದಿನ ಒಂಬತ್ತಾದರೂ ಕರಗುವುದಿಲ್ಲ. ಬರೆ ಸ್ಪಷ್ಟವಾಗಿ ಕಾಣುವವರೆಗೆ ಮೊದಲ ಈಡು ಹೊಡೆಯಬಾರದು. ಜೋರು ಮಳೆ ಬಂದರೆ ನಿಲ್ಲಿಸಬೇಕು. ಕಾಯಿ ಸುಲಿದದ್ದಾಗಿರಲಿ. ಸಿಪ್ಪೆಯಿರುವ ಕಾಯಿಯಲ್ಲಿ ಪಾಯಿಂಟ್ 22 ಗುಂಡಿನ ಗಾಯ ನಾರಿನೊಳಗೆ ಮುಚ್ಚಿಹೋಗಿ ತಾಗಿತೋ ಇಲ್ಲವೋ ಎಂಬ ಜಗಳವಾಗುತ್ತದೆ. ಸುಲಿದ ಕಾಯಿಯಲ್ಲಿ ನೀರು ಚಿಮ್ಮಿ ತೀರ್ಪು ತಾನೇ ಹೇಳುತ್ತದೆ. ಖಾಲಿ ಬಾಟಲಿಗಳನ್ನು ಗುರಿಯಾಗಿ ಇಡಲೇಬೇಡಿ. ಗಾಜಿನ ಚೂರು ನಾಳೆ ಬರಿಗಾಲಲ್ಲಿ ಬರುವವರ ಪಾದ ಹುಡುಕುತ್ತದೆ.

ಕಿವಿಯ ಬಗ್ಗೆ ನಮ್ಮವರು ಬಹಳ ಅಸಡ್ಡೆ. 12 ಬೋರ್ ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. 140ಕ್ಕೇ ಕಿವಿಯೊಳಗಿನ ನರಕ್ಕೆ ಶಾಶ್ವತ ಪೆಟ್ಟು ಬೀಳಬಹುದು. ಇಳಿವಯಸ್ಸಿನಲ್ಲಿ ಕಿವಿಯಲ್ಲಿ ಸದಾ ಗುಂಯ್ ಎನ್ನುವ ನಮ್ಮ ಅನೇಕ ಹಿರಿಯರ ಕಷ್ಟಕ್ಕೆ ಇದೂ ಒಂದು ಕಾರಣ. ಔಷಧಿ ಅಂಗಡಿಯಲ್ಲಿ ಸಿಗುವ ಇಯರ್ ಪ್ಲಗ್ ಅಗ್ಗ. ಹೊಡೆಯುವವರಿಗೆ, ಉಸ್ತುವಾರಿಯವರಿಗೆ, ಹತ್ತಿರ ನಿಲ್ಲುವ ಎಲ್ಲರಿಗೂ ಹಂಚಿ. ಕಣ್ಣಿಗೆ ಸಾದಾ ಕನ್ನಡಕವಾದರೂ ಇರಲಿ.

ಟ್ರಿಗರ್ ಎಳೆದರೂ ಈಡು ಆಗದಿದ್ದರೆ ಕೋವಿಯನ್ನು ಕೂಡಲೇ ತೆರೆಯಬಾರದು, ತಿರುಗಿಸಿ ನೋಡಲೂಬಾರದು. ಬಾಯಿಯನ್ನು ಬರೆಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಮಾಮೂಲಿಗಿಂತ ಕ್ಷೀಣವಾಗಿ ಬಂದರೆ ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಮುಂದಿನ ತೋಟೆ ತುಂಬುವ ಮೊದಲು ನಳಿಕೆ ಪರೀಕ್ಷಿಸಲೇಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸ್ವಚ್ಛ ಬಟ್ಟೆಯ ದಪ್ಪ ಸುರುಳಿಗಳು, ಕೀಲಿ ಚಾಲಕನ ಕೈಯಲ್ಲೇ ಇರುವ ಒಂದು ಜೀಪು, ಇವಿಷ್ಟು ಮೈದಾನದಲ್ಲಿ ಇರಬೇಕು. ಗಾಯವಾದರೆ ಮೊದಲು ಬಟ್ಟೆ ಇಟ್ಟು ಬಲವಾಗಿ ಒತ್ತಿ ರಕ್ತ ನಿಲ್ಲಿಸಬೇಕು. 108ಕ್ಕೆ ಫೋನ್ ಮಾಡಲು ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ನಮ್ಮ ಎಷ್ಟೋ ಊರುಗಳಲ್ಲಿ ಅದಕ್ಕೂ ಒಂದು ದಿಣ್ಣೆ ಹತ್ತಬೇಕು.

ಈಗ ಹೇಳುವುದು ಕೆಲವರಿಗೆ ಹಿಡಿಸದಿರಬಹುದು, ಆದರೂ ಹೇಳಲೇಬೇಕು. ಹಬ್ಬವೆಂದರೆ ನಮ್ಮಲ್ಲಿ ಮದ್ಯವೂ ಇರುತ್ತದೆ. ಇರಲಿ, ಅದಕ್ಕೊಂದು ಹೊತ್ತು ಇರಲಿ. ಕೊನೆಯ ಈಡು ಮುಗಿದು, ಕೋವಿಗಳೆಲ್ಲ ಖಾಲಿಯೆಂದು ತಪಾಸಣೆಯಾಗಿ, ಕೋಣೆಗೆ ಬೀಗ ಬಿದ್ದು, ಕೀಲಿ ಯಜಮಾನರ ಜೇಬು ಸೇರುವವರೆಗೆ ಒಂದು ಹನಿಯೂ ಬೇಡ. ಶನಿವಾರ ರಾತ್ರಿ ಮಿತಿಮೀರಿ ಕುಡಿದವರಿಗೆ ಭಾನುವಾರ ಗೆರೆಯ ಮೇಲೆ ಜಾಗವಿಲ್ಲವೆಂದು ಮೊದಲೇ ಸಾರಿ ಹೇಳಿ. ಅವರು ಮಾವನಾಗಿರಲಿ, ಭಾವನಾಗಿರಲಿ, ಬಹುಮಾನ ಪ್ರಾಯೋಜಿಸಿದವರೇ ಆಗಿರಲಿ. ಈ ಒಂದು ವಿಷಯದಲ್ಲಿ ಮುಖ ನೋಡಿ ಮಣೆ ಹಾಕಿದರೆ ಉಳಿದ ಎಲ್ಲ ಸಿದ್ಧತೆಯೂ ನೀರಿನಲ್ಲಿ ಹೋಮ ಮಾಡಿದಂತೆ.

ಸ್ಪರ್ಧೆ ಮುಗಿದ ಮೇಲೂ ಒಂದು ಗಂಟೆಯ ಕೆಲಸ ಉಳಿದಿರುತ್ತದೆ. ಖಾಲಿ ತೋಟೆಗಳನ್ನು ಆರಿಸಿ ಎಣಿಸಿ. ಉಳಿದ ತೋಟೆಗಳ ಲೆಕ್ಕ ಅವರವರಿಗೆ ಒಪ್ಪಿಸಿ. ಬಿದ್ದ ಒಂದು ತೋಟೆ ಮಕ್ಕಳ ಕೈಗೆ ಸಿಗಬಾರದು. ಒಂದೇ ಬರೆಗೆ ವರ್ಷವರ್ಷವೂ ಹೊಡೆಯುತ್ತಿದ್ದರೆ ಅಲ್ಲಿ ಸೀಸ ತುಂಬಿಕೊಳ್ಳುತ್ತದೆ. ಸೀಸ ವಿಷ. ಬಾವಿಯ, ತೋಡಿನ, ದನ ನೀರು ಕುಡಿಯುವ ಕೆರೆಯ ಹತ್ತಿರದ ಬರೆ ಬೇಡ. ಕೋವಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಬೇಕು. ಆಮೇಲೆ ಬಹುಮಾನ ಹಂಚಿ. ಚೆನ್ನಾಗಿ ಹೊಡೆದವರಿಗೆ ಕೊಟ್ಟಂತೆ, ದಿನವಿಡೀ ನಿಯಮವನ್ನು ಚೆನ್ನಾಗಿ ಪಾಲಿಸಿದ ತಂಡಕ್ಕೂ ಒಂದು ಬಹುಮಾನ ಇಡಿ ಎಂಬುದು ನನ್ನ ಸಲಹೆ. ಕಿರಿಯರು ಯಾವುದನ್ನು ದೊಡ್ಡದೆಂದು ತಿಳಿಯಬೇಕೋ ಅದಕ್ಕೆ ಎಲ್ಲರೆದುರು ಚಪ್ಪಾಳೆ ಸಿಗಬೇಕು.

ಕೇಳುಗರೇ, ಕೋವಿಯ ಹಕ್ಕು ನಮ್ಮ ಹಿರಿಯರು ನಂಬಿಕೆಯಿಂದ ಗಳಿಸಿಕೊಟ್ಟದ್ದು. ಒಂದು ಊರಿನ ಒಂದು ಅಜಾಗರೂಕ ಈಡು ಒಂದು ಮನೆಯ ದೀಪ ಆರಿಸಬಹುದು. ಇಡೀ ಜಿಲ್ಲೆಯ ಹಕ್ಕನ್ನು ಮತ್ತೆ ಕಟಕಟೆಗೆ ತಂದು ನಿಲ್ಲಿಸಬಹುದು. ಕಾಯಿ ಒಡೆಯದಿದ್ದರೆ ಮುಂದಿನ ವರ್ಷ ಇನ್ನೊಂದು ಕಾಯಿ ಇದೆ, ಹೋದ ಜೀವಕ್ಕೆ ಬದಲಿ ಇಲ್ಲ. ಈ ಸಲ ನಿಮ್ಮ ಊರಿನ ಸಂಘದ ಸಭೆ ಸೇರಿದಾಗ ಬಹುಮಾನದ ಮಾತಿಗೆ ಮೊದಲು ಎದ್ದುನಿಂತು, ಕಾಯಿಯ ಹಿಂದೆ ಏನಿದೆ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಜಾಗ ಬದಲಾಯಿಸಿ ಎಂದು ಹಠ ಹಿಡಿಯಿರಿ. ನಿಮ್ಮೆಲ್ಲರ ಹಬ್ಬ ಕ್ಷೇಮವಾಗಿ ನಡೆಯಲಿ.